ಕಿಟಕಿ ಪಕ್ಕದ ಎರಡು ಕಡ್ಡಿಗಳು

ನಿಮ್ಮ ಊರಿನ ಹಳೆಯ ಮನೆಗಳ ಮಾಡಿನತ್ತ ಒಮ್ಮೆ ಕಣ್ಣು ಹಾಯಿಸಿ. ಮೀನಿನ ಮುಳ್ಳಿನಂತೆ ಸಾಲಾಗಿ ಅಲ್ಯೂಮಿನಿಯಂ ಕಡ್ಡಿಗಳಿರುವ ಒಂದು ಕಂಬ ಕಾಣಿಸಬಹುದು. ಒಂದೆರಡು ಕಡ್ಡಿ ಬಾಗಿರುತ್ತವೆ, ಮೇಲೆ ಕಾಗೆ ಕೂತಿರುತ್ತದೆ. ಅದು ಟಿ.ವಿ. ಆಂಟೆನಾ. ಪ್ರಸಾರ ಕೇಂದ್ರಕ್ಕೆ ಹತ್ತಿರವಿದ್ದ ಪಟ್ಟಣಗಳಲ್ಲಿ ಇದೂ ಬೇಕಿರಲಿಲ್ಲ. ಟಿ.ವಿ.ಯ ತಲೆಯ ಮೇಲೆ ಅಥವಾ ಕಿಟಕಿಯ ಪಕ್ಕದಲ್ಲಿ ಎಳೆದು ಉದ್ದ ಮಾಡಬಹುದಾದ ಎರಡು ಕಡ್ಡಿಗಳನ್ನು ಅಗಲಿಸಿ ಇಟ್ಟರೆ ಸಾಕಿತ್ತು. ಅದಕ್ಕೆ ಇಂಡೋರ್ ಆಂಟೆನಾ, ಅಂದರೆ ಮನೆಯೊಳಗಿನ ಆಂಟೆನಾ ಎನ್ನುತ್ತಿದ್ದರು. ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಜನ ಇದಕ್ಕೆ ಇಟ್ಟಿರುವ ಹೆಸರು ಮೊಲದ ಕಿವಿ!

ಬೀದಿಯಿಂದ ಯಾವ ಕೇಬಲ್ಲೂ ಮನೆಗೆ ಬರುತ್ತಿರಲಿಲ್ಲ. ಮಾಡಿನ ಮೇಲೆ ಡಿಶ್ ಇರಲಿಲ್ಲ. ತಿಂಗಳು ತಿಂಗಳು ಹಣ ಕಟ್ಟಬೇಕಿರಲಿಲ್ಲ. ಆದರೂ ದೂರದ ಊರಿನಲ್ಲಿ ವಾರ್ತೆ ಓದುತ್ತಿದ್ದವರ ಮುಖ ಮನೆಯ ಪೆಟ್ಟಿಗೆಯಲ್ಲಿ ಮೂಡುತ್ತಿತ್ತು. ಎರಡು ಲೋಹದ ಕಡ್ಡಿಗಳಿಗೆ ಇದು ಹೇಗೆ ಸಾಧ್ಯವಾಯಿತು?

ಅಲುಗಿದ ಎಲೆ

ನಿಂತ ನೀರಿನ ಕೆರೆಗೆ ಒಂದು ಕಲ್ಲು ಹಾಕಿ. ಅಲೆಗಳು ಎಲ್ಲ ದಿಕ್ಕಿಗೂ ಹರಡುತ್ತವೆ. ದೂರದಲ್ಲಿ ತೇಲುತ್ತಿರುವ ಒಣ ಎಲೆಯನ್ನು ಅಲೆ ತಲುಪಿದಾಗ ಎಲೆ ಮೇಲೆ ಕೆಳಗೆ ಕುಣಿಯುತ್ತದೆ. ಕಲ್ಲು ಎಲೆಯನ್ನು ಮುಟ್ಟಲಿಲ್ಲ. ಕಲ್ಲಿನ ಸುದ್ದಿ ಮಾತ್ರ ಎಲೆಗೆ ತಲುಪಿತು, ಅಲ್ಲವೇ?

ಟಿ.ವಿ. ಪ್ರಸಾರ ಗೋಪುರದ ತುದಿಯಲ್ಲಿಯೂ ಲೋಹದ ಕಡ್ಡಿಗಳೇ ಇರುತ್ತವೆ. ಅವುಗಳಲ್ಲಿರುವ ಎಲೆಕ್ಟ್ರಾನುಗಳನ್ನು ಯಂತ್ರಗಳು ಅತಿ ವೇಗವಾಗಿ ಹಿಂದಕ್ಕೂ ಮುಂದಕ್ಕೂ ಓಡಾಡಿಸುತ್ತವೆ. ಆಗ ಅಲ್ಲಿಂದ ವಿದ್ಯುತ್ಕಾಂತೀಯ ಅಲೆಗಳು ಹೊರಡುತ್ತವೆ. ಬೆಳಕು ಕೂಡ ಇದೇ ಜಾತಿಯ ಅಲೆ. ಆದ್ದರಿಂದ ಟಿ.ವಿ. ಅಲೆಯ ವೇಗವೂ ಬೆಳಕಿನದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ದಾರಿಯಲ್ಲಿ ಯಾವುದಾದರೂ ಲೋಹದ ಕಡ್ಡಿ ಸಿಕ್ಕಿದರೆ ಈ ಅಲೆ ಅದರೊಳಗಿನ ಎಲೆಕ್ಟ್ರಾನುಗಳನ್ನು ಕುಣಿಸುತ್ತದೆ. ಕೆರೆಯ ಎಲೆ ಕುಣಿದಂತೆಯೇ. ಎಲೆಕ್ಟ್ರಾನುಗಳ ಈ ಕುಣಿತವೇ ಒಂದು ಪುಟ್ಟ ವಿದ್ಯುತ್ ಪ್ರವಾಹ. ಅದನ್ನು ತಂತಿಯ ಮೂಲಕ ಟಿ.ವಿ. ಒಳಕ್ಕೆ ತಂದು, ಹಿಗ್ಗಿಸಿ, ಚಿತ್ರವನ್ನೂ ಧ್ವನಿಯನ್ನೂ ಬೇರ್ಪಡಿಸುತ್ತಾರೆ.

ಪುಟ್ಟದು ಎಂದರೆ ಎಷ್ಟು ಪುಟ್ಟದು? ಟಾರ್ಚಿಗೆ ಹಾಕುವ ಒಂದು ಸೆಲ್ಲಿನ ಒತ್ತಡ ಒಂದೂವರೆ ವೋಲ್ಟ್. ಹಳೆಯ ಟಿ.ವಿ.ಯಲ್ಲಿ ಚಿತ್ರ ಸ್ವಚ್ಛವಾಗಿ ಬರಲು ಆಂಟೆನಾ ಸುಮಾರು ಒಂದು ಮಿಲಿವೋಲ್ಟ್ ಒದಗಿಸಿದರೆ ಸಾಕಿತ್ತು. ಅಂದರೆ ಸೆಲ್ಲಿನ 1500ರಲ್ಲಿ ಒಂದು ಪಾಲು!

ಇನ್ನೊಂದು ವಿಷಯ. ನಾವು 'ಗಾಳಿಯಲ್ಲಿ ಬರುವ ಅಲೆ' ಎನ್ನುತ್ತೇವೆ. ಇದು ಮಾತಿಗೆ ಹೇಳುವುದಷ್ಟೆ. ಈ ಅಲೆಗಳಿಗೆ ಗಾಳಿ ಬೇಕಾಗಿಲ್ಲ. ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿಯೂ ಅವು ಸಾಗುತ್ತವೆ.

ಕಡ್ಡಿಯ ಉದ್ದ ಎಷ್ಟಿರಬೇಕು?

ಉಯ್ಯಾಲೆಯಲ್ಲಿ ಕೂತ ಗೆಳತಿಯನ್ನು ತಳ್ಳುವಾಗ ನೀವು ಏನು ಮಾಡುತ್ತೀರಿ? ಉಯ್ಯಾಲೆ ಹಿಂದೆ ಬಂದು ಮತ್ತೆ ಮುಂದೆ ಹೊರಡುವ ಕ್ಷಣದಲ್ಲಿ ತಳ್ಳುತ್ತೀರಿ. ಹಾಗೆ ಹದ ನೋಡಿ ತಳ್ಳಿದರೆ ಸ್ವಲ್ಪ ಬಲಕ್ಕೇ ಉಯ್ಯಾಲೆ ಜೋರಾಗಿ ತೂಗುತ್ತದೆ. ಹದ ತಪ್ಪಿದರೆ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ.

ಕಡ್ಡಿಯೊಳಗಿನ ಎಲೆಕ್ಟ್ರಾನುಗಳದ್ದೂ ಹೀಗೆಯೇ. ಅಲೆ ಅವನ್ನು ಒಮ್ಮೆ ಆ ತುದಿಗೆ, ಒಮ್ಮೆ ಈ ತುದಿಗೆ ತಳ್ಳುತ್ತಿರುತ್ತದೆ. ಆ ತಳ್ಳಾಟದ ಹದಕ್ಕೆ ಕಡ್ಡಿಯ ಉದ್ದ ಹೊಂದಿಕೊಂಡರೆ ಕುಣಿತ ಜೋರಾಗುತ್ತದೆ. ಆ ಉದ್ದ ಎಷ್ಟೆಂದರೆ, ಅಲೆಯ ಉದ್ದದ ಸುಮಾರು ಅರ್ಧ.

ಅಲೆಯ ಉದ್ದ ಎಂದರೆ ಒಂದು ಅಲೆಯ ಶಿಖರದಿಂದ ಮುಂದಿನ ಶಿಖರಕ್ಕೆ ಇರುವ ದೂರ. ಪಠ್ಯಪುಸ್ತಕದಲ್ಲಿ ಇದನ್ನು ತರಂಗದೂರ ಎಂದಿರುತ್ತಾರೆ. ಇದನ್ನು ಲೆಕ್ಕ ಹಾಕುವುದು ಸುಲಭ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಮೀಟರುಗಳಲ್ಲಿ ಸಿಗುತ್ತದೆ. ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 10 ಲಕ್ಷ ಕಂಪನ.

200 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವಾಗುವ ಟಿ.ವಿ. ಅಲೆಯನ್ನೇ ತೆಗೆದುಕೊಳ್ಳಿ. 300 ಭಾಗ 200, ಅಂದರೆ ಒಂದೂವರೆ ಮೀಟರ್. ಅದರ ಅರ್ಧ 75 ಸೆಂಟಿಮೀಟರ್. ಇದನ್ನು ನಡುವೆ ಕತ್ತರಿಸಿ ಎರಡು ಕಡ್ಡಿ ಮಾಡಿದರೆ ಒಂದೊಂದೂ ಮೂವತ್ತೇಳೂವರೆ ಸೆಂಟಿಮೀಟರ್. ಮೇಜಿನ ಮೇಲೆ ಆರಾಮವಾಗಿ ಇಡಬಹುದಾದ ಅಳತೆ! ಆದರೆ 60 ಮೆಗಾಹರ್ಟ್ಸ್ ಸುಮಾರಿನ ಪ್ರಸಾರವೂ ಇತ್ತು. ಅದಕ್ಕೆ ಒಟ್ಟು ಎರಡೂವರೆ ಮೀಟರ್ ಬೇಕು. ಅಷ್ಟುದ್ದದ ಕಡ್ಡಿಯನ್ನು ಮನೆಯೊಳಗೆ ಎಲ್ಲಿ ಇಡುವುದು? ಒಂದೊಂದು ಊರಿನ ಮಾಡಿನ ಆಂಟೆನಾ ಒಂದೊಂದು ಗಾತ್ರದಲ್ಲಿ ಇದ್ದುದಕ್ಕೆ ಕಾರಣ ಇದು. 500 ಮೆಗಾಹರ್ಟ್ಸ್ ಆದರೆ ಲೆಕ್ಕ ನೀವೇ ಮಾಡಿ. ನಿಮ್ಮ ಶಾಲೆಯ ದೊಡ್ಡ ಅಳತೆಪಟ್ಟಿಯಷ್ಟೇ ಉದ್ದ ಬರುತ್ತದೆ, 30 ಸೆಂಟಿಮೀಟರ್.

ಎಳೆದು ಉದ್ದ ಮಾಡುವ ಕಡ್ಡಿಯ ಗುಟ್ಟು ಈಗ ತಿಳಿಯಿತೇ? ಪೂರ್ತಿ ಎಳೆದರೆ ಹೆಚ್ಚು ಅಲೆ ಸಿಗುತ್ತದೆ ಎಂದು ಬಹಳ ಜನ ತಿಳಿದಿದ್ದರು. ಅದು ಯಾವಾಗಲೂ ನಿಜವಲ್ಲ. ಅಲೆ ಚಿಕ್ಕದಾದರೆ ಕಡ್ಡಿಯನ್ನೂ ಚಿಕ್ಕದು ಮಾಡಬೇಕು.

ಗೋಡೆ ಅಡ್ಡ ಬರುವುದಿಲ್ಲವೇ?

ಬರುತ್ತದೆ, ಆದರೆ ಪೂರ್ತಿ ತಡೆಯುವುದಿಲ್ಲ. ಬೆಳಕು ಗೋಡೆಯನ್ನು ದಾಟದು. ಅದೇ ಜಾತಿಯ ಟಿ.ವಿ. ಅಲೆ ದಾಟುತ್ತದೆ. ಇದನ್ನು ಜನರೆದುರು ತೋರಿಸಿಕೊಟ್ಟವರಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರು ಮೊದಲಿಗರ ಸಾಲಿನವರು. 1890ರ ದಶಕದಲ್ಲಿ ಕೋಲ್ಕತ್ತದಲ್ಲಿ ಅವರು ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆಗಳ ಆಚೆಗೆ ಕಳಿಸಿ, ಅಲ್ಲಿದ್ದ ಗಂಟೆಯನ್ನು ಬಾರಿಸಿ ತೋರಿಸಿದರು.

ಗೋಡೆ ಯಾವುದರಿಂದ ಆಗಿದೆ ಎನ್ನುವುದು ಮುಖ್ಯ. ಮಣ್ಣಿನ ಗೋಡೆ, ಹೆಂಚಿನ ಮಾಡು, ಮರದ ಬಾಗಿಲು ಇವು ಅಲೆಯನ್ನು ಸ್ವಲ್ಪ ಹೀರಿಕೊಂಡು ಉಳಿದದ್ದನ್ನು ಒಳಗೆ ಬಿಡುತ್ತವೆ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು ಹೆಚ್ಚು ತಡೆಯುತ್ತದೆ. ತಗಡಿನ ಶೀಟಂತೂ ಅಲೆಯನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸಿಬಿಡುತ್ತದೆ. ಆದ್ದರಿಂದ ಒಳಾಂಗಣದ ಆಂಟೆನಾಕ್ಕೆ ಕಿಟಕಿಯೇ ಒಳ್ಳೆಯ ಜಾಗ. ಅದರಲ್ಲೂ ಗೋಪುರ ಇರುವ ದಿಕ್ಕಿನ ಕಿಟಕಿ. ಎತ್ತರದ ಗೂಡು, ಅಟ್ಟ ಇದ್ದರೆ ಇನ್ನೂ ಒಳ್ಳೆಯದು. ಕಬ್ಬಿಣದ ಬೀರುವಿನ ಪಕ್ಕ ಬೇಡ.

ಅಡುಗೆಮನೆಯಿಂದಲೂ ದೂರ ಇಡಬೇಕಿತ್ತು. ಏಕೆ ಗೊತ್ತೇ? ಚಟ್ನಿ ರುಬ್ಬಲು ಮಿಕ್ಸಿ ಹಾಕಿದ ಕೂಡಲೇ ಹಳೆಯ ಟಿ.ವಿ.ಯಲ್ಲಿ ಗೆರೆ ಗೆರೆ ಬಂದು ಚಿತ್ರ ಕೆಡುತ್ತಿತ್ತು. ಮಿಕ್ಸಿಯ ಮೋಟಾರಿನಲ್ಲಿ ಪುಟ್ಟ ಪುಟ್ಟ ಕಿಡಿಗಳು ಹಾರುತ್ತವೆ. ಪ್ರತಿ ಕಿಡಿಯೂ ಒಂದಿಷ್ಟು ರೇಡಿಯೊ ಅಲೆಯನ್ನು ಹೊರಬಿಡುತ್ತದೆ. ಜರ್ಮನಿಯ ಹೈನ್‌ರಿಚ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಈ ಅಲೆಗಳನ್ನು ಮೊದಲು ಉಂಟುಮಾಡಿ ತೋರಿಸಿದ್ದು ಕಿಡಿಗಳಿಂದಲೇ. ಅವನು ಬಳಸಿದ್ದೂ ನಡುವೆ ಸಂದಿಯಿದ್ದ ಎರಡು ಲೋಹದ ಕಡ್ಡಿಗಳನ್ನು! ಆವೃತ್ತಿಯ ಮಾನಕ್ಕೆ ಅವನ ಹೆಸರೇ ಉಳಿದಿದೆ.

ಸ್ವಲ್ಪ ಎಡಕ್ಕೆ... ಸಾಕು ಸಾಕು!

ಮನೆಯ ಹಿರಿಯರನ್ನು ಕೇಳಿ ನೋಡಿ. 1987-88ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ 'ರಾಮಾಯಣ' ಬರುತ್ತಿತ್ತು. ಒಬ್ಬರು ಮಾಡು ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು "ಬಂತು, ಬಂತು... ಅಯ್ಯೋ ಹೋಯ್ತು" ಎಂದು ಕೂಗುವುದು, ಇದು ಊರೂರಿನ ದೃಶ್ಯವಾಗಿತ್ತು. ಒಳಗಿನ ಆಂಟೆನಾ ಇದ್ದವರಿಗೆ ಮಾಡು ಹತ್ತುವ ಕಷ್ಟವಿರಲಿಲ್ಲ, ತಿರುಗಿಸುವ ಕೆಲಸ ಮಾತ್ರ ತಪ್ಪುತ್ತಿರಲಿಲ್ಲ.

ಕಡ್ಡಿಗೂ ದಿಕ್ಕಿಗೂ ಏನು ಸಂಬಂಧ? ಕಡ್ಡಿಯ ಮೈ ಗೋಪುರದ ಕಡೆ ಇದ್ದರೆ ಅಲೆ ಎಲೆಕ್ಟ್ರಾನುಗಳನ್ನು ಕಡ್ಡಿಯ ಉದ್ದಕ್ಕೂ ಓಡಾಡಿಸುತ್ತದೆ. ಕಡ್ಡಿಯ ತುದಿ ಗೋಪುರದ ಕಡೆ ತಿರುಗಿದರೆ ಎಲೆಕ್ಟ್ರಾನುಗಳಿಗೆ ಓಡಾಡಲು ಕಡ್ಡಿಯ ದಪ್ಪದಷ್ಟೇ ಜಾಗ. ಕುಣಿತ ಬಹುತೇಕ ನಿಂತೇ ಹೋಗುತ್ತದೆ. ಬಾಣದಂತೆ ತುದಿಯನ್ನು ಗುರಿಯಿಡಬೇಕು ಎಂದು ಮೊದಲಿಗೆ ಅನ್ನಿಸುತ್ತದೆ. ನಿಜ ಅದಕ್ಕೆ ವಿರುದ್ಧ!

ಆಗ ಟಿ.ವಿ.ಯಲ್ಲಿ 'ಭೂತ'ಗಳೂ ಕಾಣಿಸುತ್ತಿದ್ದವು. ಹೆದರಬೇಡಿ. ವಾರ್ತೆ ಓದುವವರ ಬಲಕ್ಕೆ ಅವರದೇ ಮಸುಕಾದ ಇನ್ನೊಂದು ರೂಪ ಕಾಣುತ್ತಿತ್ತು. ಒಂದು ಅಲೆ ಗೋಪುರದಿಂದ ನೇರವಾಗಿ ಬಂದಿರುತ್ತದೆ. ಇನ್ನೊಂದು ಎದುರಿನ ಗುಡ್ಡಕ್ಕೋ ದೊಡ್ಡ ಕಟ್ಟಡಕ್ಕೋ ಬಡಿದು ಸುತ್ತಿ ಬಂದಿರುತ್ತದೆ. ಈ ಸುತ್ತುದಾರಿ 300 ಮೀಟರ್ ಹೆಚ್ಚಿದ್ದರೆ ಎರಡನೆಯ ಅಲೆ ಸೆಕೆಂಡಿನ 10 ಲಕ್ಷದಲ್ಲಿ ಒಂದು ಭಾಗದಷ್ಟು ತಡವಾಗುತ್ತದೆ. ಅಷ್ಟರಲ್ಲಿ ಹಳೆಯ ಟಿ.ವಿ. ಪರದೆಯ ಮೇಲೆ ಚಿತ್ರ ಬರೆಯುವ ಎಲೆಕ್ಟ್ರಾನ್ ಕಿರಣ ಮುಂದೆ ಹೋಗಿಬಿಟ್ಟಿರುತ್ತದೆ. 40 ಸೆಂಟಿಮೀಟರ್ ಅಗಲದ ಪರದೆಯಲ್ಲಿ ಭೂತ ಸುಮಾರು ಮುಕ್ಕಾಲು ಸೆಂಟಿಮೀಟರ್ ಪಕ್ಕಕ್ಕೆ ಕಾಣುತ್ತದೆ. ಅಂದರೆ ಭೂತ ಎಷ್ಟು ದೂರ ಸರಿದಿದೆ ಎಂದು ಅಳೆದರೆ ಅಲೆ ಎಷ್ಟು ಸುತ್ತಿ ಬಂತು ಎಂದೂ ಹೇಳಬಹುದಿತ್ತು.

ಮಲೆನಾಡಿನವರಿಗೆ ತೊಂದರೆ ಇನ್ನೂ ಹೆಚ್ಚು. ಟಿ.ವಿ. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಗುಡ್ಡದ ಹಿಂದೆ ಅವುಗಳ ನೆರಳು ಬೀಳುತ್ತದೆ. ಬಯಲುಸೀಮೆಯಲ್ಲೂ ಭೂಮಿಯ ಗುಂಡಗಿನ ಮೈ ಅಡ್ಡ ಬರುತ್ತದೆ. 100 ಮೀಟರ್ ಎತ್ತರದ ಗೋಪುರದ ತುದಿಯಿಂದ ನೋಡಿದರೆ ದಿಗಂತ ಸುಮಾರು 36 ಕಿಲೋಮೀಟರ್ ದೂರದಲ್ಲಿರುತ್ತದೆ. ಅದರಾಚೆ ಇರುವವರು ಉದ್ದನೆಯ ಗಳ ನೆಟ್ಟು ಆಂಟೆನಾ ಎತ್ತರಿಸಲೇಬೇಕು. ಅವರಿಗೆ ಕಿಟಕಿಯ ಪಕ್ಕದ ಎರಡು ಕಡ್ಡಿ ಸಾಲದು.

ಮೀನಿನ ಮುಳ್ಳು ಹುಟ್ಟಿದ್ದು

ಎರಡು ಕಡ್ಡಿ ಸಾಲದಿದ್ದಾಗ ಮೀನಿನ ಮುಳ್ಳು ಬೇಕು. ಅದರಲ್ಲಿ ಟಿ.ವಿ.ಗೆ ಹೋಗುವ ತಂತಿ ಕಟ್ಟಿರುವುದು ಒಂದೇ ಕಡ್ಡಿಗೆ! ಉಳಿದ ಕಡ್ಡಿಗಳಿಗೆ ತಂತಿಯೇ ಇಲ್ಲ. ಹಿಂದಿನ ಉದ್ದದ ಕಡ್ಡಿ ಅಲೆಯನ್ನು ಮುಂದಕ್ಕೆ ಪ್ರತಿಫಲಿಸುತ್ತದೆ. ಮುಂದಿನ ಗಿಡ್ಡ ಕಡ್ಡಿಗಳು ಅಲೆಯನ್ನು ನಡುವಿನ ಕಡ್ಡಿಯತ್ತ ಸಾಗಹಾಕುತ್ತವೆ. ಗಿಡ್ಡ ಕಡ್ಡಿಗಳ ಕಡೆ ಗೋಪುರದತ್ತ ಇರಬೇಕು.

ಜಪಾನಿನ ಸೆಂಡಾಯ್ ನಗರದ ವಿಶ್ವವಿದ್ಯಾಲಯದಲ್ಲಿ ಶಿಂಟಾರೊ ಉಡ ಮತ್ತು ಹಿಡೆಟ್ಸುಗು ಯಾಗಿ ಎಂಬ ವಿಜ್ಞಾನಿಗಳು 1926ರಲ್ಲಿ ಇದನ್ನು ಪ್ರಕಟಿಸಿದರು. ಹೆಚ್ಚು ದುಡಿದವರು ಉಡ. ಹೆಸರು ಮಾತ್ರ ಬಹುಪಾಲು ಯಾಗಿಯದೇ ಉಳಿಯಿತು. ಅವರ ದೇಶದಲ್ಲಿ ಇದನ್ನು ಕೇಳುವವರೇ ಇರಲಿಲ್ಲ. ಬ್ರಿಟನ್ನಿನವರು ತಮ್ಮ ರೇಡಾರ್‌ಗಳಲ್ಲಿ ಬಳಸಿಕೊಂಡರು. 1942ರಲ್ಲಿ ಜಪಾನ್ ಸೈನ್ಯ ಸಿಂಗಪುರವನ್ನು ಹಿಡಿದಾಗ ಒಬ್ಬ ಬ್ರಿಟಿಷ್ ಸೈನಿಕನ ಟಿಪ್ಪಣಿ ಪುಸ್ತಕ ಸಿಕ್ಕಿತು. ಅದರಲ್ಲಿ ಮತ್ತೆ ಮತ್ತೆ 'ಯಾಗಿ' ಎಂಬ ಪದವಿತ್ತು. ಹಾಗೆಂದರೇನು ಎಂದು ಜಪಾನೀಯರು ಸೆರೆಯಾಳಾಗಿದ್ದ ಆ ಸೈನಿಕನನ್ನೇ ಕೇಳಿದರು. ಅದು ನಿಮ್ಮವರೇ ಒಬ್ಬರ ಹೆಸರು ಎಂದು ತಿಳಿದಾಗ ಅವರಿಗೆ ಹೇಗಾಗಿರಬೇಡ!

ಈಗ ಆ ಕಡ್ಡಿಗಳು ಏನು ಮಾಡುತ್ತಿವೆ?

ನಮ್ಮ ದೇಶದಲ್ಲಿ ಟಿ.ವಿ. ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 1977ರಲ್ಲಿ ಕಲಬುರಗಿ, 1981ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು. ಮೊದಮೊದಲು ಟಿ.ವಿ. ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಅದು 1980ರ ದಶಕದ ಮಧ್ಯದಲ್ಲಿ ರದ್ದಾಯಿತು. ಆಮೇಲೆ ಆಂಟೆನಾ ಇದ್ದವರಿಗೆಲ್ಲ ದೂರದರ್ಶನ ಉಚಿತ. ನಿಮ್ಮ ಕಡ್ಡಿ ಅಲೆಯನ್ನು ಹಿಡಿದರೆ ಪಕ್ಕದ ಮನೆಯವರಿಗೆ ಕಡಿಮೆಯಾಗುವುದಿಲ್ಲ. ಒಂದು ಮನೆ ನೋಡಿದರೂ ಲಕ್ಷ ಮನೆ ನೋಡಿದರೂ ಗೋಪುರಕ್ಕೆ ಖರ್ಚು ಅಷ್ಟೇ. ದೀಪಸ್ತಂಭದ ಬೆಳಕಿನ ಹಾಗೆ.

ಆ ಹಳೆಯ ಪ್ರಸಾರಕ್ಕೆ ಅನಲಾಗ್ ಎಂದು ಹೆಸರು. ಅಲೆ ದುರ್ಬಲವಾದರೆ ಪರದೆಯ ತುಂಬ ಚುಕ್ಕಿ ಚುಕ್ಕಿ ಬಂದು, ಚಿತ್ರ ಮಸುಕಾದರೂ ಕಾಣುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಚಿತ್ರವನ್ನು ಸಂಖ್ಯೆಗಳಾಗಿ ಮಾಡಿ ಕಳಿಸುತ್ತಾರೆ. ಸಂಖ್ಯೆಗಳು ಸರಿಯಾಗಿ ಬಂದರೆ ಚಿತ್ರ ಪೂರ್ತಿ ಸ್ವಚ್ಛ. ಬಹಳಷ್ಟು ತಪ್ಪಿದರೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಅನಲಾಗ್‌ನಲ್ಲಿ ಒಂದು ಕಾರ್ಯಕ್ರಮ ಬರುತ್ತಿದ್ದಷ್ಟೇ ಜಾಗದಲ್ಲಿ ಡಿಜಿಟಲ್‌ನಲ್ಲಿ ಹಲವು ಕಾರ್ಯಕ್ರಮಗಳನ್ನು ತುಂಬಬಹುದು. ದೂರದರ್ಶನ 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಗೋಪುರದಿಂದ ಡಿಜಿಟಲ್ ಪ್ರಸಾರ ಆರಂಭಿಸಿತು. ಇತ್ತ ಅನಲಾಗ್ ಗೋಪುರಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದು, 2022ರ ಹೊತ್ತಿಗೆ ಬಹುಪಾಲು ಎಲ್ಲವನ್ನೂ ಮುಚ್ಚಿತು. ಆದ್ದರಿಂದಲೇ ನಿಮ್ಮೂರಿನ ಮಾಡಿನ ಮೇಲಿನ ಆಂಟೆನಾಕ್ಕೆ ಈಗ ಕಾಗೆಯೇ ಅತಿಥಿ. ಅದು ಕೆಟ್ಟಿಲ್ಲ. ಅದಕ್ಕೆ ಬೇಕಾದ ಅಲೆ ಬರುತ್ತಿಲ್ಲ, ಅಷ್ಟೆ.

ದೂರದರ್ಶನದ ಫ್ರೀ ಡಿಶ್ ಈಗಲೂ ಮಾಸಿಕ ಶುಲ್ಕವಿಲ್ಲದೆ ಸಿಗುತ್ತದೆ. 2004ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಸೇವೆ ಇದು. ಆದರೆ ಅದರ ಅಲೆಗಳು ಬರುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ. ತರಂಗದೂರ ಕೇವಲ ಎರಡೂವರೆ ಸೆಂಟಿಮೀಟರ್ ಆಸುಪಾಸು. ಇಷ್ಟು ಚಿಕ್ಕ, ದುರ್ಬಲ ಅಲೆಗೆ ಮಾಡು ಅಡ್ಡಿ, ಮರದ ಎಲೆಯೂ ಅಡ್ಡಿ. ಡಿಶ್ಶನ್ನು ಮನೆಯೊಳಗೆ ಇಡಲಾಗದು ಎನ್ನುವುದು ಇದಕ್ಕೇ.

ಬೇರೆ ದೇಶಗಳಲ್ಲಿ ಒಳಾಂಗಣದ ಆಂಟೆನಾ ಇನ್ನೂ ದುಡಿಯುತ್ತಿದೆ. ಅಮೆರಿಕದ ದೊಡ್ಡ ಟಿ.ವಿ. ಕೇಂದ್ರಗಳು 2009ರ ಜೂನ್ 12ರಂದು ಅನಲಾಗ್ ನಿಲ್ಲಿಸಿ ಡಿಜಿಟಲ್‌ಗೆ ಬದಲಾದವು, ಗೋಪುರದ ಪ್ರಸಾರವನ್ನು ಬಿಡಲಿಲ್ಲ. ಅಲ್ಲಿ ಕಾಗದದಷ್ಟು ತೆಳುವಾದ ಚಪ್ಪಟೆ ಆಂಟೆನಾವನ್ನು ಕಿಟಕಿಯ ಗಾಜಿಗೆ ಅಂಟಿಸಿ, ಹಣ ಕೊಡದೆ ಹತ್ತಾರು ವಾಹಿನಿ ನೋಡುವವರಿದ್ದಾರೆ. ಆ ಹಾಳೆಯೊಳಗೆ ಇರುವುದೂ ಲೋಹದ ಪಟ್ಟಿಗಳೇ. ಅಂಗಡಿಗಳು ಅದಕ್ಕೆ 'ಡಿಜಿಟಲ್ ಆಂಟೆನಾ' ಎಂದು ಹೆಸರಿಟ್ಟು ಮಾರುತ್ತವೆ. ಲೋಹಕ್ಕೆ ಡಿಜಿಟಲ್ ಯಾವುದು, ಅನಲಾಗ್ ಯಾವುದು ಎಂದು ಏನು ಗೊತ್ತು! ಅಳತೆ ಹೊಂದಿದರೆ ಹಳೆಯ ಮೊಲದ ಕಿವಿಯೂ ಅದೇ ಕೆಲಸ ಮಾಡುತ್ತದೆ.

ಮಾಡಿ ನೋಡಿ

ಟಿ.ವಿ. ಗೋಪುರ ಹತ್ತಿರ ಇಲ್ಲದಿದ್ದರೂ ಎಫ್.ಎಂ. ರೇಡಿಯೊ ಇದೆಯಲ್ಲ! ಅದರ ಅಲೆಯೂ ಟಿ.ವಿ. ಅಲೆಯ ನೆಂಟನೇ. ಬೆಂಗಳೂರಿನ ಎಫ್.ಎಂ. ರೇನ್‌ಬೋದ ಆವೃತ್ತಿ 101.3 ಮೆಗಾಹರ್ಟ್ಸ್, ಮೈಸೂರು ಆಕಾಶವಾಣಿಯದು 100.6. ತರಂಗದೂರ ಸುಮಾರು 3 ಮೀಟರ್. ರೇಡಿಯೊದಲ್ಲಿ ಒಂದೇ ಕಡ್ಡಿ ಇರುವುದರಿಂದ ಅದಕ್ಕೆ ಕಾಲು ಭಾಗ ಸಾಕು, ಅಂದರೆ 75 ಸೆಂಟಿಮೀಟರ್ ಆಸುಪಾಸು.

ಸೆಲ್ ಹಾಕುವ ರೇಡಿಯೊ ಮಾತ್ರ ತೆಗೆದುಕೊಳ್ಳಿ. ಕರೆಂಟಿನ ಸಾಮಾನು ಬೇಡ. ಗುಡುಗು ಸಿಡಿಲು ಇರುವಾಗ ಈ ಪ್ರಯೋಗ ಖಂಡಿತ ಬೇಡ. ಸ್ವಲ್ಪ ಕ್ಷೀಣವಾಗಿ ಕೇಳುವ ಕೇಂದ್ರವನ್ನು ಹಚ್ಚಿ, ಕಡ್ಡಿಯನ್ನು ಪೂರ್ತಿ ಮಡಿಸಿ, ನಿಧಾನವಾಗಿ ಎಳೆಯುತ್ತ ಹೋಗಿ. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಅಡ್ಡ ಮಲಗಿಸಿ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಕೇಳಿ. ಕೋಣೆಯ ನಡುವೆ, ಕಿಟಕಿಯ ಬಳಿ, ಕಬ್ಬಿಣದ ಬೀರುವಿನ ಪಕ್ಕ ಇಟ್ಟು ಕೇಳಿ. ಪುಟ್ಟ ರೇಡಿಯೊ ಆದರೆ ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಇಟ್ಟು ಮುಚ್ಚಳ ಬಿಗಿಯಾಗಿ ಹಾಕಿ. ಏನಾಯಿತು? ಕಡ್ಡಿ ಮುರಿದ ರೇಡಿಯೊ ಇದ್ದರೆ ಉಳಿದ ಮೋಟಿಗೆ 75 ಸೆಂಟಿಮೀಟರ್ ವೈರಿನ ತುದಿಯನ್ನು ಸುಲಿದು ಸುತ್ತಿ. ಹಲವು ಮೊಬೈಲುಗಳಲ್ಲಿ ಇಯರ್‌ಫೋನ್ ಸಿಕ್ಕಿಸದಿದ್ದರೆ ಎಫ್.ಎಂ. ಬರುವುದೇ ಇಲ್ಲ. ಅಲ್ಲಿ ಇಯರ್‌ಫೋನಿನ ವೈರೇ ಆಂಟೆನಾ.

ಇನ್ನೊಂದು ಲೆಕ್ಕ ಇದೆ. ಊರಿನಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಕಳಚಿಟ್ಟ ಹಳೆಯ ಆಂಟೆನಾ ಇದೆಯೇ ಕೇಳಿ. ಮಾಡು ಮಾತ್ರ ಹತ್ತಬೇಡಿ. ಸಿಕ್ಕಿದರೆ ತಂತಿ ಕಟ್ಟಿದ ಕಡ್ಡಿ ಯಾವುದೆಂದು ಹುಡುಕಿ. ಸಾಮಾನ್ಯವಾಗಿ ಅದನ್ನು ಬಳೆಯಂತೆ ಮಡಿಸಿರುತ್ತಾರೆ. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದು, ಎರಡರಿಂದ ಗುಣಿಸಿ. 300ನ್ನು ಆ ಮೀಟರುಗಳಿಂದ ಭಾಗಿಸಿ. ಉದಾಹರಣೆಗೆ 75 ಸೆಂಟಿಮೀಟರ್ ಬಂದರೆ ಉತ್ತರ 200 ಮೆಗಾಹರ್ಟ್ಸ್. ಆಂಟೆನಾ ಮಾಡುವವರು ಕಡ್ಡಿಯನ್ನು ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡ ಇಡುತ್ತಿದ್ದರು. ಹಾಗಾಗಿ ಉತ್ತರದಲ್ಲಿ ಚೂರು ವ್ಯತ್ಯಾಸ ಬರುತ್ತದೆ. ಆದರೂ ಆ ಕಡ್ಡಿ ಒಂದು ಕಾಲದಲ್ಲಿ ಯಾವ ಆವೃತ್ತಿಯ ಅಲೆಗೆ ಕಾದು ನಿಂತಿತ್ತು ಎನ್ನುವುದು ನಿಮಗೆ ಸಿಕ್ಕಂತಾಯಿತು. 47ರಿಂದ 68 ಅಥವಾ 174ರಿಂದ 230ರ ನಡುವೆ ಉತ್ತರ ಬಂದರೆ ನಿಮ್ಮ ಅಳತೆ ಸರಿಯಿದೆ. ಅನಲಾಗ್ ಕಾಲದಲ್ಲಿ ನಮ್ಮ ದೇಶದಲ್ಲಿ ಆ ಎರಡು ಪಟ್ಟಿಗಳಲ್ಲಿ ಟಿ.ವಿ. ಪ್ರಸಾರವಾಗುತ್ತಿತ್ತು.